ಬಂದ್ ಮಾಡದ ಕ್ಯಾಮೆರಾ

ಕಳೆದ ವರ್ಷ ಮದುವೆಗಳ ಹಂಗಾಮು ಮುಗಿದ ಹೊಸತರಲ್ಲಿ ನಡೆದದ್ದಿದು. ಆಗ ನಮ್ಮವರು ತೀರಿಕೊಂಡು ಎರಡು ವರ್ಷವಾಗಿತ್ತು. ಆಳಂದದ ಬಸ್ ನಿಲ್ದಾಣದ ಹತ್ತಿರ ಅವರದೊಂದು ಸಣ್ಣ ಫೋಟೊ ಸ್ಟುಡಿಯೊ ಇತ್ತು. ಅಫಜಲಪುರ, ಜೇವರ್ಗಿ ಕಡೆಯಿಂದಲೂ ಮದುವೆ ವಿಡಿಯೊ ಮಾಡಲು ಅವರನ್ನೇ ಕರೆಯುತ್ತಿದ್ದರು. ನಾನು ಶಾಲೆಯಲ್ಲಿ ಟೀಚರ್. ಸ್ಟುಡಿಯೊ ನಡೆಸುವುದು ನನ್ನಿಂದ ಆಗದ ಮಾತು. ಬಾಗಿಲು ಹಾಕಿ, ಅವರ ಕಂಪ್ಯೂಟರನ್ನು ಮನೆಗೆ ತಂದು, ಮೇಲೊಂದು ಹಳೆಯ ಸೀರೆ ಹೊದಿಸಿಟ್ಟಿದ್ದೆ.

ದೀಪದ ಕೆಳಗೆ ಕತ್ತಲು ಎನ್ನುತ್ತಾರಲ್ಲ, ನಮ್ಮ ಮನೆಯ ಹಣೆಬರಹವೂ ಅದೇ. ಊರವರ ಮದುವೆಯನ್ನೆಲ್ಲ ಹಿಡಿದಿಟ್ಟ ಮನುಷ್ಯನ ಒಂದು ಒಳ್ಳೆಯ ಫೋಟೊ ನಮ್ಮಲ್ಲಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿಗೆ ತೆಗೆಸಿದ್ದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದೇನೆ. ಅದರಲ್ಲಿ ಅವರು ಯಾರ ಮೇಲೋ ಸಿಟ್ಟಾದವರಂತೆ ಕಾಣುತ್ತಾರೆ. ಬದುಕಿದ್ದಾಗ ಅವರು ಸಿಟ್ಟಾದದ್ದೇ ಇಲ್ಲ. ಮನೆಯ ಸಿಟ್ಟನ್ನೆಲ್ಲ ನಾನೇ ಗುತ್ತಿಗೆ ಹಿಡಿದಿದ್ದೆ.

ಒಂದು ರವಿವಾರ ಭೂಸನೂರಿನವರೊಬ್ಬರು ಮಗಳ ಮದುವೆಯ ವಿಡಿಯೊ ಕೇಳಿಕೊಂಡು ಬಂದರು. ಅವರ ಕಡೆ ಇದ್ದದ್ದು ಕೆಟ್ಟಿತ್ತಂತೆ. ಕಂಪ್ಯೂಟರ್ ಚಾಲೂ ಮಾಡಿದರೆ ಒಳಗಿನಿಂದ ಕಟಕಟ ಸಪ್ಪಳ. ಗಾಬರಿಯಾಗಿ ರಾಜುಗೆ ಫೋನ್ ಮಾಡಿದೆ. ನಮ್ಮವರು ತೆಗೆದುಕೊಂಡು ಬಂದ ವಿಡಿಯೊಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸುತ್ತಿದ್ದವನು ಅವನೇ. ಅವರನ್ನು ಅಣ್ಣ ಎನ್ನುತ್ತಿದ್ದ, ಹಾಗಾಗಿ ನಾನು ಅವನಿಗೆ ವೈನಿ. ಬಂದವನು ಕಿವಿಗೊಟ್ಟು ಕೇಳಿದ.

"ವೈನಿ, ಹಾರ್ಡ್ ಡಿಸ್ಕ್ ಹೋಗೋ ಹಂಗ ಅದರಿ. ಒಮ್ಮೆ ಬಂದ್ ಮಾಡಿದ್ರ ಮತ್ತ ಚಾಲೂ ಆಗ್ತದೋ ಇಲ್ಲೋ. ಈಗಿಂದೀಗ ಬ್ಯಾರೆ ಡಿಸ್ಕಿಗಿ ಕಾಪಿ ಮಾಡೂಣು" ಎಂದ.

ಅಂಗೈಯಷ್ಟು ದೊಡ್ಡ ಡಿಸ್ಕೊಂದನ್ನು ತಂದಿದ್ದ. ಅದನ್ನು ವೈರಿನಿಂದ ಜೋಡಿಸಿ ನೋಡಿ ತಲೆ ಅಲ್ಲಾಡಿಸಿದ.

"ಇದ್ರಾಗ ಎಲ್ಲಾ ಹಿಡ್ಯಂಗಿಲ್ರಿ. ತಯಾರಾದ ವಿಡಿಯೊ ಅಷ್ಟೇ ತೊಗೋತೇನಿ. ಕಚ್ಚಾ ಮಾಲು ಬಿಟ್ಟುಬಿಡೂಣು."

"ಕಚ್ಚಾ ಮಾಲು ಅಂದ್ರ?"

"ಕತ್ತರಿಸಲಾರದ್ದು, ತೆಗದದ್ದು ತೆಗದಂಗೇ ಇರೋದು. ಅಣ್ಣಾರಿಗಿ ಕ್ಯಾಮೆರಾ ಬಂದ್ ಮಾಡೋದೇ ನೆನಪಿರ್ತಿದ್ದಿಲ್ರಿ. ಬರೇ ನೆಲ ಕಾಣ್ತದ, ಮಂದಿ ಕಾಲು ಕಾಣ್ತಾವ. ಅದನ್ನ ಕತ್ತರಿಸೂದ್ರಾಗೇ ನನ್ನ ಅರ್ಧಾ ಆಯುಷ್ಯ ಹೋತು" ಎಂದು ನಗುತ್ತ ಒಂದನ್ನು ತೆರೆದು ತೋರಿಸಿದ.

ಮಾದನಹಿಪ್ಪರಗಾದ ಮದುವೆ. ಪರದೆಯ ಮೇಲೆ ಜಮಖಾನೆ, ಯಾರದೋ ಚಪ್ಪಲಿ. ಹಿಂದಿನಿಂದ ಒಂದು ದನಿ ಬಂತು:

"ಯವ್ವಾ, ಜರಾ ತಲಿ ಎತ್ತವ್ವಾ. ಮಾವಾರ, ನೀವು ಈ ಕಡಿ ಸರೀರಿ. ನಗ್ರಿ, ನಗಲಿಕ್ಕ ರೊಕ್ಕ ಬೀಳಂಗಿಲ್ಲ!"

ಅವರ ದನಿ. ಕಣ್ಣು ಮುಚ್ಚಿದರೆ ಅವರ ಮುಖ ಬರುತ್ತಿತ್ತು, ನಡಿಗೆ ಬರುತ್ತಿತ್ತು, ದನಿ ಮಾತ್ರ ಎಷ್ಟು ನೆನೆದರೂ ಬರುತ್ತಿರಲಿಲ್ಲ. ಅದು ಇಷ್ಟು ದಿನ ಹಳೆಯ ಸೀರೆಯ ಕೆಳಗೆ, ನನ್ನ ಮನೆಯಲ್ಲೇ ಇತ್ತು. ನಾನು ಅತ್ತುಬಿಟ್ಟೆ.

"ತಯಾರಾದ ವಿಡಿಯೊದಾಗ ಈ ಮಾತು ಇರ್ತಾವೇನು?" ಎಂದು ಕೇಳಿದೆ.

"ಇಲ್ರಿ. ಎಲ್ಲಾ ತೆಗದು ಹಾಡು ಹಾಕಿರ್ತೇವಿ."

"ಹಂಗಾರ ಭೂಸನೂರಿನವರದೊಂದು ಹಾಕು, ಪಾಪ, ಬಂದು ಕುಂತಾರ. ಉಳಿದ ಜಾಗಾಕ್ಕೆಲ್ಲಾ ಕಚ್ಚಾನೇ ತುಂಬು."

"ನಾಳಿ ಬ್ಯಾರೆ ಗಿರಾಕಿ ಬಂದ್ರ ಏನ್ ಹೇಳ್ತೀರಿ ವೈನಿ?"

"ಅವರ ಮದುವಿ ಅವರ ಮನ್ಯಾಗ ಅದ. ನಮ್ಮವರು ಇದ್ರಾಗ ಅದಾರ."

ರಾಜು ಮೊದಲು ಭೂಸನೂರಿನವರದನ್ನು ಡಿಸ್ಕಿಗೆ ಹಾಕಿದ. ಆಮೇಲೆ ಊರೂರಿನ ಹೆಸರಿನಲ್ಲಿದ್ದ ಫೋಲ್ಡರುಗಳನ್ನು ಒಂದೊಂದಾಗಿ ಹಾಕತೊಡಗಿದ. ಪರದೆಯ ಹಸಿರು ಗೆರೆ ನಿಧಾನ ಮುಂದೆ ಸರಿಯುತ್ತಿತ್ತು. ಒಲೆಯ ಮೇಲೆ ಹಾಲಿಟ್ಟವಳಂತೆ ನಾನು ಕಣ್ಣು ಕೀಳದೆ ಕುಳಿತಿದ್ದೆ. ಮಾದನಹಿಪ್ಪರಗಾ ಬಂತು, ಅಫಜಲಪುರದವು ಬಂದವು. ಜೇವರ್ಗಿಯದು ಅರ್ಧ ಗೆರೆಯೂ ದಾಟಿರಲಿಲ್ಲ, ಕಟಕಟ ನಿಂತಿತು, ಪರದೆ ಕಪ್ಪಾಯಿತು. ರಾಜು ಏನೇನೋ ಮಾಡಿ ನೋಡಿದ. ಮುಂದೆ ಕಲಬುರಗಿಗೂ ಒಯ್ದು ತೋರಿಸಿದ. ಬರಲಿಲ್ಲ. ಜೇವರ್ಗಿಯಲ್ಲಿ ಅವರು ಯಾರನ್ನು ನಗಿಸಿದರು, ಯಾರಿಗೆ ತಲೆ ಎತ್ತು ಎಂದರು, ಇನ್ನು ನನಗೆ ತಿಳಿಯುವುದಿಲ್ಲ. ಅದೊಂದು ಕೊರಗು ಉಳಿದೇ ಇದೆ.

ಬಂದವುಗಳನ್ನು ಬಿಡುವಾದಾಗ ನೋಡುತ್ತೇನೆ. ನೋಡುವುದೇನು, ನೆಲ ಮತ್ತು ಕಾಲು. ಕೇಳುತ್ತೇನೆ. ಅಫಜಲಪುರದ ಒಂದು ಮದುವೆಯಲ್ಲಿ ಅವರ ಫೋನ್ ರಿಂಗಾಗುತ್ತದೆ. ಕ್ಯಾಮೆರಾ ಕೆಳಗಿಳಿಯುತ್ತದೆ, ಬಂದ್ ಆಗುವುದಿಲ್ಲ.

"ಹಾಂ, ಹೇಳು. ಈಗರ ಅಕ್ಕಿಕಾಳು ಬಿತ್ತು, ಮದುವಿ ಆತು, ಮಂದಿ ಊಟಕ್ಕ ಕುಂತಾರ. ನೀ ಉಂಡಿಯೇನು?"

ಆಚೆ ಇದ್ದವಳು ನಾನು. ನನ್ನ ಮಾತು ಅದರಲ್ಲಿ ಕೇಳುವುದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ, ಆಮೇಲೆ ನಗುತ್ತಾರೆ. ಅದು ಯಾವ ದಿನ, ನಾನು ಏನೆಂದೆ, ಒಂದೂ ನೆನಪಿಲ್ಲ. ಅಂಥ ಫೋನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಈಗ ಒಬ್ಬಳಿಗೇ ರೊಟ್ಟಿ ಬಡಿದುಕೊಂಡು ಕೂತಾಗ ಒಮ್ಮೊಮ್ಮೆ ಆ ವಿಡಿಯೊ ಹಚ್ಚುತ್ತೇನೆ. "ನೀ ಉಂಡಿಯೇನು?" ಎಂದು ಕೇಳಿ ಅವರು ಸುಮ್ಮನಾಗುತ್ತಾರೆ.

"ಇನ್ನಾ ಇಲ್ರಿ. ನೀವು ಬರ್ರಿ" ಎನ್ನುತ್ತೇನೆ.

ಅವರು ನಗುತ್ತಾರೆ. "ಹುಚ್ಚಿ, ನನ್ನ ದಾರಿ ಕಾಯಬ್ಯಾಡ, ಉಣ್ಣು. ಬರ್ತೇನಿ" ಎನ್ನುತ್ತಾರೆ.