ಹಾಲು ಬೀಳುವ ಜಾಗ

ನನಗೆ ಜಿಡ್ಡು ಕಂಡರೆ ಆಗುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಇವರ ಪ್ರಕಾರ ಇದೊಂದು ಕಾಯಿಲೆ. ಇವರು ಎಂದರೆ ನನ್ನ ಗಂಡ. ಯಾರದೋ ಮನೆಗೆ ಊಟಕ್ಕೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಅವರ ಗ್ಯಾಸ್ ಒಲೆಯ ಬರ್ನರಿನ ಸುತ್ತಲೂ ಕೂತಿರುವ ಕಪ್ಪು ಕರೆಯ ಕಡೆಗೆ. ಪಾಯಸದ ರುಚಿ ಆಮೇಲಿನ ಮಾತು. ಅಂಥ ನನಗೆ ದೇವರು ಐರೋಲಿಯಲ್ಲಿ ದಯಪಾಲಿಸಿದ್ದು, ಹನ್ನೆರಡು ವರ್ಷ ಎರಡು ಹೊತ್ತೂ ಕರಿದು ತಿಂದ ಕುಟುಂಬವೊಂದು ಬಿಟ್ಟುಹೋದ ಫ್ಲ್ಯಾಟನ್ನು.

ಬೀಗದ ಕೈ ಸಿಕ್ಕಿದ್ದು ಗುರುವಾರ ಸಂಜೆ. ಊರಿನ ಭಟ್ಟರು ಫೋನಿನಲ್ಲಿ ಕೊಟ್ಟ ಮುಹೂರ್ತ ಭಾನುವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತರ ಒಳಗೆ. ಅಷ್ಟರಲ್ಲಿ ಡೊಂಬಿವಲಿಯ ಬಾಡಿಗೆ ಮನೆಯ ಸಾಮಾನು ಬರಬೇಕು, ಮನೆ ತೊಳೆಯಬೇಕು, ಒಲೆ ಹೂಡಿ ಹಾಲು ಉಕ್ಕಿಸಬೇಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಹಳೆ ಫ್ಲ್ಯಾಟು ತಿಕ್ಕಿ ನೋಡಿರಲಿಲ್ಲ.

ಈ ಹಾಲಿನ ಸಂಗತಿ ನಮ್ಮ ಮನೆಯಲ್ಲಿ ಸಣ್ಣದಲ್ಲ. ನನ್ನ ಅತ್ತೆಗೆ ಈಗ ಎಪ್ಪತ್ತೆಂಟು. ಉಡುಪಿ ಕಡೆಯಿಂದ ಮದುವೆಯಾಗಿ ಕಲ್ಯಾಣಕ್ಕೆ ಬಂದವರು. ಮಾವ ಹೋಟೆಲಿನಲ್ಲಿದ್ದರು. ಕಲ್ಯಾಣದಲ್ಲಿ ಎರಡು, ಡೊಂಬಿವಲಿಯಲ್ಲಿ ಮೂರು, ಒಟ್ಟು ಐದು ಬಾಡಿಗೆ ಮನೆಗಳನ್ನು ಅತ್ತೆ ಹೊಕ್ಕಿದ್ದಾರೆ. ಪ್ರತಿ ಮನೆಯಲ್ಲೂ ಮೊದಲ ದಿನ ಒಲೆಯ ಮೇಲೆ ಹಾಲಿಟ್ಟಿದ್ದಾರೆ, ಪ್ರತಿ ಮನೆಯಲ್ಲೂ ಅದು ಉಕ್ಕುವ ಮೊದಲೇ ಆರಿಸಿದ್ದಾರೆ. ಬೇರೆಯವರು ಬಾಡಿಗೆ ಮನೆಯಲ್ಲೂ ಉಕ್ಕಿಸುತ್ತಾರೆ. ಅತ್ತೆಯ ಶಾಸ್ತ್ರ ಬೇರೆ.

“ಬಾಡಿಗೆ ಮನೆಯಲ್ಲಿ ಉಕ್ಕಿಸಿದರೆ ಲಕ್ಷ್ಮಿ ಸೀದಾ ಮಾಲೀಕನ ಮನೆಗೆ ಹೋಗ್ತಾಳೆ. ಹಾಲು ನಮ್ಮದು, ಲಕ್ಷ್ಮಿ ಅವನಿಗೆ. ಎಂತ ಲೆಕ್ಕ ಅದು?”

(ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅತ್ತೆಯ ಬೈಗುಳದ ಅರ್ಧ ರುಚಿ ಹೋಯಿತೆಂದೇ ತಿಳಿಯಿರಿ.)

ಸ್ವಂತ ಮನೆಯಾದ ದಿನ ಉಕ್ಕಿಸೋಣ ಎಂದು ಮಾವ ಹೇಳುತ್ತಿದ್ದರಂತೆ. ಹೇಳುತ್ತ ಹೇಳುತ್ತ ಮಾವ ಹೋದರು. ಐರೋಲಿಯ ಮನೆ ನಿಶ್ಚಯವಾದ ದಿನ ಅತ್ತೆ ಫ್ಲ್ಯಾಟು ಎಷ್ಟು ದೊಡ್ಡದು, ಎಷ್ಟನೇ ಮಹಡಿ, ಒಂದನ್ನೂ ಕೇಳಲಿಲ್ಲ. “ಹಾಲು ಬೀಳುವ ಜಾಗ ಮಾತ್ರ ಚೊಕ್ಕ ಇರಬೇಕು, ಮಾರಾಯ್ತಿ. ಯಾರದ್ದೋ ಮುಸುರೆಯ ಮೇಲೆ ಬೀಳುವುದು ಬೇಡ. ಒಮ್ಮೆ ಕಣ್ಣು ತುಂಬ ನೋಡಬೇಕು ನನಗೆ” ಎಂದರು. ನಾನು ಒಪ್ಪಿದೆ. ಚೊಕ್ಕ ಮಾಡುವುದು ನನಗೆ ಬಿಟ್ಟ ವಿಷಯ.

ಶುಕ್ರವಾರ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಬೆವರಿದ ಮೇಲೆ ಟೆಂಪೋ ಬಂತು. ಅದರಲ್ಲಿ ಮುಖ್ಯವಾದದ್ದು ಒಂದು ಬೆಂಚು. ಮಾವನ ಹೋಟೆಲು ಮುಚ್ಚಿದಾಗ ಮನೆಗೆ ಬಂದದ್ದು. ಉದ್ದ, ಕಿರಿದು, ಕಾಡಿಗೆಯಷ್ಟು ಕಪ್ಪು. ಬೀಟೆ ಮರದ್ದು ಎಂದು ಅತ್ತೆ ಮೂವತ್ತು ವರ್ಷಗಳಿಂದ ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಹೊತ್ತು ತಂದವರಲ್ಲಿ ವಿಜಯಪುರದ ಕಡೆಯ ಹಿರಿಯರೊಬ್ಬರಿದ್ದರು. ನಾವು ಕನ್ನಡದವರೆಂದು ತಿಳಿದ ಮೇಲೆ ಮಾತಿಗಿಳಿದರು.

“ಅವ್ವಾರ, ಇದು ಬೀಟಿ ಅಲ್ರಿ. ಬೀಟಿ ಇದ್ದಿದ್ರ ನಾಕ್ ಮಂದಿ ಬೇಕಾಗ್ತಿತ್ತು. ಇದನ್ನ ನಾ ಒಬ್ಬವನ ಹೊತ್ತೀನಿ.”

“ನಿಮಗೆ ಶಕ್ತಿ ಉಂಟು, ಹೊತ್ತಿರಿ. ಅದಕ್ಕೆ ಮರ ಎಂತ ಮಾಡ್ತದೆ?” ಎಂದು ಅತ್ತೆ ಅವರಿಗೆ ಚಹಾ ಕೊಟ್ಟು ಬಾಯಿ ಮುಚ್ಚಿಸಿದರು.

ಅಡುಗೆಮನೆಯಿಂದ ಶುರುಮಾಡಿದೆ. ನಿಶ್ಚಯವಾದ ಮೇಲೆ ಎಲ್ಲರೂ ಮನೆ ನೋಡಲು ಬಂದಾಗ ಗೋಡೆಯ ಟೈಲ್ಸ್ ಹಳದಿ ಎಂದುಕೊಂಡಿದ್ದೆವು. ಹಳದಿ ಚೆನ್ನಾಗಿದೆ, ಮಂಗಳಕರ ಎಂದು ಅತ್ತೆ ಹೊಗಳಿಯೂ ಇದ್ದರು. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ತೆಂಗಿನ ನಾರಿನಲ್ಲಿ ಒಂದು ಮೂಲೆ ತಿಕ್ಕಿದೆ. ಒಳಗಿಂದ ಬಿಳಿ ಬಂತು. ಹನ್ನೆರಡು ವರ್ಷದ ಪೂರಿ ಎಣ್ಣೆಯನ್ನು ನಾವು ಬಣ್ಣ ಎಂದು ಮೆಚ್ಚಿಕೊಂಡಿದ್ದೆವು. ನಡುಮನೆಯ ಫ್ಯಾನು ಕಂದು ಎಂದುಕೊಂಡಿದ್ದೆವು, ಅದೂ ಬಿಳಿ. ಸ್ಟೂಲು ಹತ್ತಿ ಒರೆಸುತ್ತಿದ್ದ ಇವರು ಮೇಲಿಂದ ಹೇಳಿದರು: “ನನ್ನನ್ನು ಮಾತ್ರ ತಿಕ್ಕಬೇಡ ಆಯ್ತಾ. ಒಳಗಿಂದ ಯಾರು ಬರ್ತಾನೆ ಅಂತ ನನಗೂ ಗೊತ್ತಿಲ್ಲ.”

ಕಾಲೇಜಿಗೆ ಹೋಗುವ ಮಗಳು ಕೈಯಲ್ಲಿ ಫೋನು ಹಿಡಿದು ಸಲಹೆ ಕೊಡುವ ಖಾತೆಯಲ್ಲಿದ್ದಳು. ಅವಳಿಗೆ ನಮ್ಮ ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. “ಮಮ್ಮಿ, ವಿನೆಗರ್ ಡಾಲೋ ನಾ” ಎಂದು ಒಂದು ವಿಡಿಯೋ ತೋರಿಸಿದಳು. ಅದರಲ್ಲಿ ಬಿಳಿ ಕೈಗವಸಿನ ಹೆಂಗಸೊಬ್ಬಳು ಮೊದಲೇ ಚೊಕ್ಕವಾಗಿದ್ದ ಅಡುಗೆಮನೆಯನ್ನು ನಗುತ್ತ ಒರೆಸುತ್ತಿದ್ದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಅತ್ತೆಯ ಬಳಿ ಎಲ್ಲದಕ್ಕೂ ಒಂದೇ ಮದ್ದು, ತೆಂಗಿನೆಣ್ಣೆ. ಕಪಾಟಿನ ಬಾಗಿಲಿಗೆ ಹಳೆಯ ಮನೆಯವರ ಮಕ್ಕಳು ಅಂಟಿಸಿದ್ದ ಸ್ಟಿಕರುಗಳಿಗೆ ತೆಂಗಿನೆಣ್ಣೆ, ಕಿರುಗುಟ್ಟುವ ತಿರುಗಣೆಗೆ ತೆಂಗಿನೆಣ್ಣೆ, ನಡುವೆ ತಮ್ಮ ಮೊಣಕಾಲಿಗೂ ತೆಂಗಿನೆಣ್ಣೆ. ಸ್ಟಿಕರು ಬಂತು, ನಿಜ. ಆದರೆ ನಾನು ಒಂದು ಕಡೆ ಜಿಡ್ಡು ತೆಗೆಯುತ್ತ ಹೋದರೆ ಅವರು ಇನ್ನೊಂದು ಕಡೆ ಹಚ್ಚುತ್ತ ಬರುತ್ತಿದ್ದರು. ಶನಿವಾರ ಮಧ್ಯಾಹ್ನ ಇಬ್ಬರೂ ಕಪಾಟಿನ ಎದುರು ಮುಖಾಮುಖಿಯಾದೆವು. ಒಬ್ಬರ ಕೈಯಲ್ಲಿ ಸೋಡಾ, ಒಬ್ಬರ ಕೈಯಲ್ಲಿ ಎಣ್ಣೆ. ಇವರು ಬಾಲ್ಕನಿಗೆ ಹೋಗಿ ಠಾಣೆ ರೈಲು ನೋಡುತ್ತ ನಿಂತರು.

ಆ ಸಿಟ್ಟಿನಲ್ಲೇ ಬೆಂಚಿಗೆ ಕೈ ಹಾಕಿದೆ. ಸುಮ್ಮನೆ ಒರೆಸಿ ಬಿಡುವ ಎಂದಿತ್ತು. ಬಟ್ಟೆ ಕಪ್ಪಾಯಿತು. ಇನ್ನೊಮ್ಮೆ ಒರೆಸಿದೆ, ಇನ್ನೂ ಕಪ್ಪಾಯಿತು. ಸೋಡಾ ನೀರು ಹಾಕಿ ನಾರು ಹಿಡಿದೆ. ಎಷ್ಟೋ ವರ್ಷಗಳ ಸಾಂಬಾರು, ಗಿರಾಕಿಗಳ ಬೆವರು, ಅತ್ತೆಯ ತೆಂಗಿನೆಣ್ಣೆ ಎಲ್ಲ ಪದರು ಪದರಾಗಿ ಬಂತು. ಸಂಜೆಯ ಹೊತ್ತಿಗೆ ಬೀಟೆಯ ಬೆಂಚು ಹಳದಿ ಹಳದಿಯಾಗಿ, ಅಪ್ಪಟ ಹಲಸಿನ ಮರವಾಗಿ ನಡುಮನೆಯಲ್ಲಿ ಕೂತಿತ್ತು.

ಅತ್ತೆ ಬಂದು ನೋಡಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ನನ್ನ ಬೆಂಚನ್ನು ಬೋಳಿಸಿದೆಯಲ್ಲ” ಎಂದರು. ಆಮೇಲೆ ಅದರ ಮೇಲೆ ಕೂತು, ಕೈಯಾಡಿಸಿ, ತಾವೇ ತೀರ್ಪು ಕೊಟ್ಟರು: “ಹಲಸೇ ಒಳ್ಳೆಯದು. ಬೀಟೆ ಭಾರ.”

ಕೊನೆಗೆ ಉಳಿದದ್ದು ಒಲೆ. ನಮ್ಮದೇ ಹಳೆಯ ಮೂರು ಬರ್ನರಿನ ಸ್ಟೀಲಿನ ಒಲೆ. ಬಿಡಿಸಿ, ಬರ್ನರುಗಳನ್ನು ಹುಣಸೆ ನೀರಿನಲ್ಲಿ ನೆನೆಸಿ, ಒಂದೊಂದು ತೂತಿಗೂ ಸೇಫ್ಟಿ ಪಿನ್ನು ಹಾಕಿ, ಕೊನೆಗೆ ನಿಂಬೆಸಿಪ್ಪೆಯಲ್ಲಿ ಉಜ್ಜಿದೆ. ಮುಖ ಕಾಣುವಷ್ಟು ಹೊಳೆಯಿತು. ಹೊಳೆಯುವ ಒಲೆಯಲ್ಲಿ ನನ್ನ ಮುಖ ನೋಡಿಕೊಂಡು ಖುಷಿಪಡುತ್ತಿದ್ದಾಗ ನೆನಪಾಯಿತು, ನಾಳೆ ಇದರ ಮೇಲೆ ಬೇಕೆಂದೇ ಹಾಲು ಚೆಲ್ಲಬೇಕು.

“ಅತ್ತೆ, ಪಾತ್ರೆಯ ಕೆಳಗೆ ಒಂದು ತಟ್ಟೆ ಇಟ್ಟರೆ ಆಗ್ತದಾ?”

“ಲಕ್ಷ್ಮಿಗೆ ತಟ್ಟೆ ಎಂತಕ್ಕೆ? ಅವಳು ಹೋಟೆಲಿಗೆ ಬಂದದ್ದಾ?”

ನನ್ನ ಕಷ್ಟ ಯಾರಿಗೂ ಅರ್ಥವಾಗಲಿಲ್ಲ. ನಾನು ಸೊಸೆಯಾಗಿ ಬಂದ ಮೊದಲ ವಾರ ಹಾಲು ಉಕ್ಕಿಸಿದ್ದೆ. ಆಗ ಅತ್ತೆ ಕೂಗಾಡಲಿಲ್ಲ. “ನಮ್ಮ ಮನೆಯಲ್ಲಿ ಹಾಲು ಉಕ್ಕುವ ಕ್ರಮ ಇಲ್ಲ” ಎಂದರು, ಅಷ್ಟೇ. ಅಂದಿನಿಂದ ಇಪ್ಪತ್ತಾರು ವರ್ಷ ನನ್ನ ಕೈಯಲ್ಲಿ ಒಂದು ಹನಿ ಉಕ್ಕಿಲ್ಲ. ಜ್ವರ ಬಂದಾಗಲೂ ಇಲ್ಲ, ಮಗಳು ಹುಟ್ಟುವ ಹಿಂದಿನ ದಿನವೂ ಇಲ್ಲ. ಬಚ್ಚಲಿನಲ್ಲಿದ್ದರೂ ಹಾಲಿನ ಸದ್ದು ತಿಳಿದು ಓಡಿಬರುವ ಕೈ ಇದು. ಈಗ ಕಲಿಸಿದವರೇ ಉಕ್ಕಲಿ ಬಿಡು ಎನ್ನುತ್ತಿದ್ದಾರೆ.

ಭಾನುವಾರ ಬೆಳಿಗ್ಗೆ ಅತ್ತೆ ಹಸಿರು ರೇಷ್ಮೆ ಸೀರೆ ಉಟ್ಟು ಒಲೆಯ ಬಳಿ ನಿಂತರು. ದೇವರ ಪಟಕ್ಕೆ ಹೂವು, ಒಲೆಗೆ ಅರಸಿನ ಕುಂಕುಮ. ಪಕ್ಕದಲ್ಲಿ ಮಾವನ ಒಂದು ಸಣ್ಣ ಫೋಟೋ, ಅದನ್ನು ಯಾರು ಯಾವಾಗ ತಂದಿಟ್ಟರೋ ನಾನು ನೋಡಲಿಲ್ಲ. ಮಗಳು ವಿಡಿಯೋ ಹಿಡಿದಳು. ಒಂಬತ್ತೂ ನಲವತ್ತಕ್ಕೆ ಅತ್ತೆ ಒಲೆ ಹಚ್ಚಿ ಹಾಲಿಟ್ಟರು. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೆರಳಿಗೆ ಬೆರಳು ಹೆಣೆದು ನಿಂತೆ.

ಹಾಲಿನ ಅಂಚಿನಲ್ಲಿ ಗುಳ್ಳೆ ಕಂಡಿತು. ಕೆನೆ ನೆರಿಗೆಯಾಯಿತು. ನನ್ನ ಬೆರಳುಗಳು ತಾವಾಗಿ ಬಿಚ್ಚತೊಡಗಿದವು. ಹಾಲು ಎದ್ದಿತು, ಪಾತ್ರೆಯ ಕಂಠಕ್ಕೆ ಬಂತು. ಟಕ್ ಎಂದು ಸದ್ದಾಯಿತು. ಉರಿ ಆರಿ ಹಾಲು ಪೆಚ್ಚಾಗಿ ಕೆಳಗಿಳಿಯಿತು.

ಎಲ್ಲರೂ ನನ್ನನ್ನು ನೋಡಿದರು. ನೋಡಿದರೆ ನನ್ನ ಕೈ ಒಲೆಯ ಗುಂಡಿಯ ಹತ್ತಿರವೇ ಇದೆ.

“ನಾನಲ್ಲ” ಎಂದೆ.

“ಒಂದು ದಿನ ತಡೆಯಲಿಕ್ಕೆ ಆಗಲಿಲ್ಲವಾ ನಿನಗೆ?” ಎಂದರು ಅತ್ತೆ. ಸ್ವರ ಒಡೆದಿತ್ತು. “ಒಂದೇ ಒಂದು ದಿನ.”

ನನಗೆ ನನ್ನ ಮೇಲೇ ನಂಬಿಕೆ ಇರಲಿಲ್ಲ. ಆರಿಸಿದ್ದರೂ ಆರಿಸಿದೆನೇನೋ. ಇವರು ತಲೆ ಅಲ್ಲಾಡಿಸಿದರು. ಆಗ ಮಗಳು “ಏಕ್ ಮಿನಿಟ್” ಎಂದು ಫೋನನ್ನು ನಮ್ಮ ಮುಂದೆ ಹಿಡಿದಳು. ವಿಡಿಯೋದಲ್ಲಿ ಹಾಲು ಏಳುತ್ತದೆ. ಎಡಗಡೆಯಿಂದ ಒಂದು ಸುಕ್ಕುಗಟ್ಟಿದ ಕೈ, ಹಸಿರು ರೇಷ್ಮೆಯ ಸೆರಗಿನ ಸಮೇತ, ಸರ್ಪದ ವೇಗದಲ್ಲಿ ಬಂದು ಗುಂಡಿ ತಿರುಗಿಸುತ್ತದೆ. ಆ ಕೈ ಜಾರಿಕೊಂಡ ಮೇಲೆ ತಡವಾಗಿ ಬಂದ ನನ್ನ ಕೈ ಗುಂಡಿಯ ಹತ್ತಿರ ನಿಲ್ಲುತ್ತದೆ.

ಅತ್ತೆ ಇನ್ನೊಮ್ಮೆ ತೋರಿಸು ಎಂದರು. ಕನ್ನಡಕ ತರಿಸಿಕೊಂಡು ಮೂರನೇ ಸಲ ನೋಡಿದರು.

“ಕೈ ನನ್ನದು ಹೌದು” ಎಂದರು. “ಆದರೆ ನಾನಲ್ಲ.”

ಇವರು ನಕ್ಕರು, ಮಗಳು ನಕ್ಕಳು. ನಾನೂ ನಗುವವಳೇ. ಇಪ್ಪತ್ತಾರು ವರ್ಷದ ಬಾಕಿ ತೀರಿಸಿಕೊಳ್ಳಲು ನಾಲಿಗೆಯೂ ಸಿದ್ಧವಾಗಿತ್ತು. ಆದರೆ ಅತ್ತೆ ನಗುತ್ತಿರಲಿಲ್ಲ. ಮಾವನ ಫೋಟೋ ಕಡೆ ನೋಡುತ್ತಿದ್ದರು. “ಐದು ಮನೆಯಲ್ಲಿ ಆರಿಸಿ ಆರಿಸಿ ಕೈಗೆ ಅದೇ ಅಭ್ಯಾಸ. ನನ್ನಿಂದ ಆಗುವುದಿಲ್ಲ. ನನಗೆ ಬರೆದಿಲ್ಲ, ಬಿಡು” ಎಂದು ಕನ್ನಡಕ ತೆಗೆದರು. ಬಯ್ಯಲು ಕೂಡಿಟ್ಟಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

ಗಡಿಯಾರದಲ್ಲಿ ಒಂಬತ್ತೂ ಐವತ್ತು. ಹತ್ತು ನಿಮಿಷ ಉಳಿದಿತ್ತು.

ನಮ್ಮ ಮನೆಯಲ್ಲಿ ಹಾಲು ಉಕ್ಕಿಸುವುದರಲ್ಲಿ ಪಳಗಿದವಳು ಒಬ್ಬಳೇ. ನಾನು ಊರಿಗೆ ಹೋದಾಗೆಲ್ಲ ಹಾಲು ನೋಡಿಕೋ ಎಂದು ಹೇಳಿ ಹೋದರೆ, ಫೋನಿನಲ್ಲಿ ಮುಳುಗಿ, ವಾರಕ್ಕೆ ಮೂರು ಸಲ ತಪ್ಪದೆ ಉಕ್ಕಿಸಿ, ಅದಕ್ಕಾಗಿ ನನ್ನಿಂದಲೂ ಅತ್ತೆಯಿಂದಲೂ ಹೇರಳವಾಗಿ ಬೈಸಿಕೊಂಡವಳು. ಮಗಳನ್ನು ಒಲೆಯ ಮುಂದೆ ನಿಲ್ಲಿಸಿದೆ.

“ಹಾಲು ನೋಡಿಕೋ” ಎಂದೆ. “ಯಾವಾಗಿನ ಹಾಗೆ.”

“ಪಕ್ಕಾ?” ಎಂದಳು. ಜೀವಮಾನದಲ್ಲಿ ಮೊದಲ ಸಲ ಅವಳ ವಿದ್ಯೆಗೆ ಬೆಲೆ ಬಂದಿತ್ತು.

ಅತ್ತೆಯನ್ನು ಕರೆದುಕೊಂಡು ನಡುಮನೆಗೆ ಬಂದು ಹಲಸಿನ ಬೆಂಚಿನ ಮೇಲೆ ಕೂತೆ. ಕಣ್ಣಾರೆ ನೋಡಬೇಕೆಂದಿದ್ದರು, ಅದು ಇನ್ನು ಆಗುವ ಹಾಗಿರಲಿಲ್ಲ. ಅಡುಗೆಮನೆಯ ಬಾಗಿಲಿನಲ್ಲಿ ಇವರು ಅಡ್ಡ ನಿಂತರು. ಒಲೆ ಹೊತ್ತಿದ ಸದ್ದು ಕೇಳಿತು. ಬಿಸಿ ಇದ್ದ ಹಾಲು, ಹೆಚ್ಚು ಹೊತ್ತು ಬೇಕಿರಲಿಲ್ಲ. ಹಾಲು ಹಂದಾಡುವ ಸಣ್ಣ ಸದ್ದು ನನಗೂ ಕೇಳಿತು, ಅವರಿಗೂ ಕೇಳಿತು. ಇಬ್ಬರೂ ಒಟ್ಟಿಗೇ ಅರ್ಧ ಎದ್ದೆವು. ನಾನು ಅವರ ಕೈ ಹಿಡಿದು ಕೂರಿಸಿದೆ, ಅವರು ನನ್ನ ಕೈ ಹಿಡಿದು ಕೂರಿಸಿದರು.

“ಬಿಡಬೇಡ” ಎಂದರು ಅತ್ತೆ.

“ನೀವೂ ಬಿಡಬೇಡಿ” ಎಂದೆ.

ಒಳಗೆ ಸುಂಯ್ ಎಂದಿತು. ಹಾಲು ಸೀದ ವಾಸನೆ ನಡುಮನೆಯವರೆಗೆ ಬಂತು. ಮಗಳು “ಅಜ್ಜಿ, ಹೋ ಗಯಾ” ಎಂದು ಕೂಗಿದಳು. ಮುಖ ಕಾಣುವಷ್ಟು ಉಜ್ಜಿದ ಒಲೆಯ ಮೇಲೆಲ್ಲ, ಕೆಳಗಿನ ಕಟ್ಟೆಯ ಮೇಲೆಲ್ಲ ಹರಿಯುತ್ತಿರಬೇಕು ಎಂದು ಸದ್ದಿನಿಂದಲೇ ತಿಳಿಯುತ್ತಿತ್ತು. ಅತ್ತೆಯ ಕಣ್ಣಿನಿಂದ ನೀರು ಹರಿದು ಮೂಗಿನ ಪಕ್ಕ ಬಂದಿತ್ತು. ಒರೆಸಿಕೊಳ್ಳಲು ಅವರ ಕೈ ಖಾಲಿ ಇರಲಿಲ್ಲ.

“ಆಯ್ತಲ್ಲ” ಎಂದರು. “ಇನ್ನು ಕೈ ಬಿಡು ಮಾರಾಯ್ತಿ. ಒಣಗುವ ಮೊದಲು ಒರೆಸಬೇಕು.”

“ಇರಲಿ, ಸ್ವಲ್ಪ ಹೊತ್ತು” ಎಂದೆ. ಬಿಡಲಿಲ್ಲ.