ಗುಂಗುರು ಬಿಡಿಸಿದ ಆಟದ ಅಕ್ಕೋರು

ಅವರ ತಲೆಗೂದಲು ಒಡೆದ ಹತ್ತಿಕಾಯಿಯಂತಿತ್ತು: ಬೆಳ್ಳಗೆ, ದಟ್ಟವಾಗಿ, ಒಳಗಿನಿಂದ ಹಿಗ್ಗಿ ಹೊರಬಂದಂತೆ. ಬೆಳಗಿನ ಹೊತ್ತು ಅದು ಸದಾ ಒದ್ದೆಯಾಗಿರುತ್ತಿತ್ತು. ಹಾನಗಲ್ಲಿನ ಶಾಲಾ ಮೈದಾನವನ್ನು ಬೆವರಿಳಿಯುವಷ್ಟು ಸುತ್ತಿ, ಮನೆಗೆ ಹೋಗಿ ತಲೆಗೆ ನೀರು ಸುರಿದುಕೊಂಡು, ಕೂದಲನ್ನು ಹಾಗೆಯೇ ಹರಡಿಕೊಂಡು ನಮ್ಮ ಓಣಿಗೆ ಹಾಲು ತರಲು ಬರುತ್ತಿದ್ದರು. ಒಂದೊಂದು ಸುರುಳಿಯ ತುದಿಯಲ್ಲೂ ಹನಿಯೊಂದು ತೂಗುತ್ತಿತ್ತು.

ಊರಿಗೆಲ್ಲ ಅವರು ಆಟದ ಅಕ್ಕೋರು. ಹೆಣ್ಣುಮಕ್ಕಳ ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಆಮೇಲೂ ಸಂಜೆ ಮೈದಾನಕ್ಕೆ ಹೋಗಿ ಖೊಖೊ ಕಲಿಸುವುದನ್ನು ಬಿಟ್ಟಿರಲಿಲ್ಲ. ಹುಟ್ಟೂರು ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರು, ಒಕ್ಕಲುತನದ ಮನೆತನ. ನಾನು ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದವಳು. ತಿಥಿ, ವಾರ, ನಕ್ಷತ್ರಗಳು ಪರಸ್ಪರ ಹೊಂದದೆ ಯಾವ ದಿನವನ್ನೂ ಒಪ್ಪದ ಅಭ್ಯಾಸ ನನ್ನದು. ಅದು ಅವರಿಗೆ ಚೇಷ್ಟೆಯ ವಿಷಯ. “ವೈನೀ, ನಿಮಗ ವಾರ ಬೇಕು. ನನಗ ಅವತ್ತ ಮೈದಾನ ಹಸಿ ಇತ್ತೋ ಒಣಗಿತ್ತೋ, ಅಷ್ಟ ನೆನಪಿದ್ರ ಸಾಕು ನೋಡ್ರಿ,” ಎನ್ನುತ್ತಿದ್ದರು.

ನನ್ನ ಮೊಮ್ಮಗಳು ಅವರ ಶಿಷ್ಯೆಯರಲ್ಲಿ ಒಬ್ಬಳು. ಅವಳ ತಾಯಿ, ಎಂದರೆ ನನ್ನ ಮಗಳು, ಶಿಗ್ಗಾವಿಯ ಕಚೇರಿಗೆ ದಿನವೂ ಮುಂಜಾನೆಯ ಬಸ್ಸು ಹಿಡಿಯುವವಳಾದ್ದರಿಂದ ಹುಡುಗಿಯ ತಲೆ ಬಾಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವಳದು ಗುಂಗುರು ಕೂದಲು. ನನ್ನ ಕಡೆಯಿಂದಲೇ ಬಂದದ್ದು. ನನ್ನ ಗುಂಗುರನ್ನು ನನ್ನ ತಾಯಿ ಎಣ್ಣೆ ಜಡಿದು, ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಎಳೆದೆಳೆದು ತುರುಬಿನೊಳಗೆ ಅಡಗಿಸಿದ್ದರು. ಮಂಗಳವಾರ, ಶುಕ್ರವಾರ ಮಾತ್ರ ತಲೆಗೆ ನೀರು. ಉಳಿದ ದಿನಗಳಲ್ಲಿ ಒಣ ಬಾಚಣಿಗೆ, ಬಿಗಿ ಜಡೆ. ಮೊಮ್ಮಗಳಿಗೂ ಅದೇ ಕ್ರಮ ಮುಂದುವರಿದಿತ್ತು. ಆದರೆ ಅವಳು ಸಂಜೆಯೆಲ್ಲ ಕೆಂಪು ಮಣ್ಣಿನಲ್ಲಿ ಓಡುವವಳು. ಬೆವರು, ಎಣ್ಣೆ, ಧೂಳು ಮೂರೂ ಸೇರಿ ಕೂದಲು ಅಂಟುಗಟ್ಟುತ್ತಿತ್ತು. ಬಾಚಣಿಗೆ ಕಂಡರೆ ಅವಳು ಹಿತ್ತಲಿಗೆ ಓಡುತ್ತಿದ್ದಳು.

ಜಿಲ್ಲಾ ತಂಡದ ಆಯ್ಕೆಗೆ ಇನ್ನು ಕೆಲವೇ ದಿನಗಳಿದ್ದಾಗ ಅವಳಿಗೆ ಜ್ವರ ಬಂದಿತು. ಇದು ಭಾದ್ರಪದದಲ್ಲಿ ನಡೆದದ್ದೆಂದು ಬಹಳ ದಿನ ನಂಬಿದ್ದೆ. ಆದರೆ ನಮ್ಮ ಓಣಿಗೆ ಬರುವ ಹೂ ಮಾರುವಾಕೆಯ ಬುಟ್ಟಿಯಲ್ಲಿ ಆ ದಿನ ಸೇವಂತಿಗೆ ತುಂಬಿತ್ತೆಂದು ಮಗಳೂ ಮೊಮ್ಮಗಳೂ ಬೇರೆಬೇರೆಯಾಗಿ ಹೇಳುತ್ತಾರೆ. ಆದ್ದರಿಂದ ಆಶ್ವಯುಜವೆಂದು ತಿದ್ದಿಕೊಂಡಿದ್ದೇನೆ. ಜ್ವರ ಇಳಿದು ಹುಡುಗಿ ಎದ್ದು ಕುಳಿತಾಗ ಕತ್ತಿನ ಹಿಂದಿನ ಕೂದಲೆಲ್ಲ ಕಂಬಳಿಯ ತುಂಡಿನಂತೆ ಒಂದೇ ಗಂಟಾಗಿತ್ತು. ಬೆರಳು ಸಹ ಒಳಗೆ ಹೋಗಲೊಲ್ಲದು.

ಸವಣೂರಿನಿಂದ ನನ್ನ ಅಕ್ಕ ಬಂದಿದ್ದಳು. ನೋಡಿದವಳೇ ತೀರ್ಪು ಕೊಟ್ಟಳು: “ಇದೆಲ್ಲಾ ಆ ಆಟದ ಕರ್ಮ. ಕತ್ತರಿ ತಗೊಂಬಾ, ಬುಡಕ್ಕ ಕತ್ತರಸು. ಆಟಾನೂ ಬಿಡಸು. ಹೆಣ್ಣ ಹುಡುಗಿ ತಲಿ ಹಿಂಗ ಇರ್ತದೇನ?”

ಕತ್ತರಿ ಕೈಗೆ ಬರುವಷ್ಟರಲ್ಲಿ ಹೂ ಮಾರುವಾಕೆ ಬಾಗಿಲಲ್ಲಿ ನಿಂತಿದ್ದಳು. ಗಂಟನ್ನು ಕಂಡು ಬುಟ್ಟಿ ಕೆಳಗಿಟ್ಟು ಕೈಮುಗಿದಳು. “ಅವ್ವಾರ, ಕತ್ತರಿ ತಾಕಸಬ್ಯಾಡ್ರಿ! ಇದು ಜಡಿ ಐತಿ. ತಾಯಿ ಒಲದು ಬಂದಾಳ. ಕೂಸಿನ್ನ ಗುಡ್ಡಕ್ಕ ಕರಕೊಂಡು ಹೋಗ್ರಿ.”

ನಮ್ಮ ಭಾಗದಲ್ಲಿ ಈ ನಂಬಿಕೆ ಎಷ್ಟು ಗಟ್ಟಿ, ಅದರಿಂದ ಎಷ್ಟು ಹೆಣ್ಣುಮಕ್ಕಳ ಬದುಕು ಬೇರೆ ದಾರಿ ಹಿಡಿಯಿತೆಂಬುದು ಇಲ್ಲಿಯವರಿಗೆ ಹೊಸತಲ್ಲ. ಗಂಟುಗಟ್ಟಿದ ಕೂದಲು ದೇವಿಯ ಗುರುತು, ಆ ಹುಡುಗಿ ದೇವಿಯವಳು; ಅವಳನ್ನು ಗುಡ್ಡದ ಗುಡಿಗೆ ಒಯ್ದು ದೇವಿಗೇ ಬಿಡಬೇಕು. ಆಗತಾನೇ ಕತ್ತರಿ ಕೇಳಿದ್ದ ನನ್ನ ಅಕ್ಕ ಕೈ ಹಿಂದಕ್ಕೆಳೆದುಕೊಂಡಳು. “ಯಾಕ ಬೇಕ ಸುಮ್ಮನ, ಇರ್ಲಿ ಬಿಡು,” ಎಂದಳು. ಮೊಮ್ಮಗಳು ಗೋಡೆಗೆ ಒರಗಿ, “ನಾ ಇನ್ನ ಆಟಕ್ಕ ಹೋಗೂದಿಲ್ಲಜ್ಜಿ. ಕತ್ತರಸಬ್ಯಾಡ್ರಿ, ಗುಡ್ಡಕ್ಕೂ ಕಳಸಬ್ಯಾಡ್ರಿ,” ಎಂದು ಅಳತೊಡಗಿದಳು. ಆಟವೆಂದರೆ ಜೀವ ಬಿಡುತ್ತಿದ್ದ ಹುಡುಗಿ ಅವಳು. ಅದನ್ನು ಬಿಡುತ್ತೇನೆಂದು ಅವಳ ಬಾಯಿಂದಲೇ ಬಂದಾಗ ನಾನು ಚಪ್ಪಲಿ ಮೆಟ್ಟಿ ಆಟದ ಅಕ್ಕೋರ ಮನೆಗೆ ನಡೆದೆ.

ಅವರು ಅವಸರಪಡಲಿಲ್ಲ. ಮೊದಲು ಒಲೆಯ ಮೇಲೆ ಅಗಸೆ ಬೀಜ ಕುದಿಯಲಿಟ್ಟರು. ಅದು ಲೋಳೆ ಬಿಟ್ಟು ಮೊಟ್ಟೆಯ ಬಿಳಿಯಂತೆ ಜೋಲುವಾಗ ಹಳೆಯ ಧೋತರದ ತುಂಡಿನಲ್ಲಿ ಹಿಂಡಿ ಸೋಸಿದರು. ಚಟ್ನಿಗೆ ಮಾತ್ರ ಅಗಸೆ ಹುರಿದು ಗೊತ್ತಿದ್ದ ನಾನು ಬೋಗುಣಿ ಹಿಡಿದು ಅವರ ಹಿಂದೆ ಬಂದೆ.

ನಮ್ಮ ಹಿತ್ತಲಿನಲ್ಲಿ ಹುಡುಗಿಯನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಗಂಟನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಲೋಳೆ ಹಚ್ಚಿದರು. ಹೂ ಮಾರುವಾಕೆ ಅಲ್ಲಿಗೂ ಬಂದು ನಿಂತಳು. “ಅಕ್ಕೋರ, ತಪ್ಪ ಮಾಡಾಕತ್ತೀರಿ. ತಾಯಿ ಸಿಟ್ಟಾಕ್ಕಾಳ.”

ಅಕ್ಕೋರು ತಲೆಯೆತ್ತಲಿಲ್ಲ. “ಕತ್ತರಿ ಮುಟ್ಟಸೂದಿಲ್ಲವಾ, ನನ್ನಾಣಿ. ಬಿಚ್ಚಿ ನೋಡ್ತೇನಿ. ತಾಯೀದಾಗಿದ್ರ ಬಿಚ್ಚಂಗಿಲ್ಲ. ಬಿಚ್ಚತಂದ್ರ ನಮ್ಮದು. ಅದಿರ್ಲಿ, ನೀ ಯಾಕ ನಿಂತಿ? ದಿನಾ ಮಾರುಗಟ್ಟಲೆ ಹೂ ಕಟ್ಟೂ ಬೆರಳು ನಿನ್ನವು. ನನ್ನ ಬೆರಳು ಸೀಟಿ ಹಿಡದು ದಡ್ಡಾಗ್ಯಾವ. ಬಾ, ಕುಂಡ್ರು.”

ಆಕೆ ಸ್ವಲ್ಪ ಹೊತ್ತು ಅನುಮಾನಿಸಿದಳು. ಆಮೇಲೆ ಕೈ ತೊಳೆದು, ಸೂರ್ಯನ ಕಡೆ ಮುಗಿದು, ಹುಡುಗಿಯ ಇನ್ನೊಂದು ಬದಿಗೆ ಕುಳಿತಳು. ಮಧ್ಯಾಹ್ನವೆಲ್ಲ ಆ ಇಬ್ಬರೂ ಬೆರಳಿನಿಂದಲೇ ಎಳೆ ಎಳೆ ಬಿಡಿಸಿದರು. ಬುಡದಿಂದಲ್ಲ, ತುದಿಯಿಂದ. ನೀರು ಆರಿದಲ್ಲಿ ನೀರು, ಲೋಳೆ ಆರಿದಲ್ಲಿ ಲೋಳೆ. ಮೊದಲ ಸುರುಳಿ ಪೂರ್ತಿ ಬಿಚ್ಚಿ, ಕೈಯಿಂದ ಜಾರಿ, ಮತ್ತೆ ತಾನಾಗಿಯೇ ಸುತ್ತಿಕೊಂಡಾಗ ಹೂ ಮಾರುವಾಕೆ, “ಅಯ್ಯ ಶಿವನ, ಮಲ್ಲಿಗಿ ಬಳ್ಳಿ ಕುಡಿ ಇದ್ದಂಗ ಐತಲ್ರಿ!” ಎಂದು ನಕ್ಕುಬಿಟ್ಟಳು. ಅಲ್ಲಿಂದ ಮುಂದೆ ಅವಳೇ ಮುಂದಾಳು. ಅಕ್ಕೋರಿಗೇ “ಮೆಲ್ಲಕ, ಮೆಲ್ಲಕ” ಎಂದು ಗದರಿದಳು.

ಕೆಲಸದ ನಡುವೆ ಅಕ್ಕೋರು ಒಂದು ಮಾತು ಹೇಳಿದರು. “ನಮ್ಮವ್ವ ನನ್ನ ತಲಿ ಬೋಳಸಿದ್ಲು, ಈ ಕೂಸಿನಷ್ಟ ಇದ್ದೆ. ಹಿಂಗ ಗಂಟಾಗಿತ್ತು. ಗುಡ್ಡಕ್ಕ ಕಳಸೂದಕ್ಕಿಂತ ಅದು ಪಾಡು ಅಂದ್ಲು. ಪಾಡ ಆತು, ಖರೆ. ಆದ್ರ ಬಿಡಸಬಹುದಿತ್ತು. ಯಾರಿಗೂ ಅದು ಹೊಳೀಲಿಲ್ಲ.”

ಸಂಜೆಯ ಹೊತ್ತಿಗೆ ಮೊಮ್ಮಗಳ ಹೆಗಲ ತುಂಬ ಕಪ್ಪು ಸುರುಳಿಗಳು ಹರಡಿದ್ದವು. ಅಕ್ಕೋರು ಅವನ್ನು ಟವೆಲಿನಿಂದ ಉಜ್ಜಲು ಬಿಡದೆ, ಮೆತ್ತನೆಯ ಧೋತರದಲ್ಲಿ ಒತ್ತಿ ನೀರು ತೆಗೆದರು. ಆಟ ಮುಗಿದ ಮೇಲೆ ದಿನವೂ ಬರೀ ನೀರಿನಿಂದ ಬೆವರು ತೊಳೆಯಬೇಕು, ಒದ್ದೆಯಿರುವಾಗ ಅಗಲ ಹಲ್ಲಿನ ಕಟ್ಟಿಗೆಯ ಬಾಚಣಿಗೆ ಮಾತ್ರ ಮುಟ್ಟಿಸಬೇಕು, ಓಡುವಾಗ ಸಡಿಲ ಜಡೆ, ಮಲಗುವಾಗ ಹಳೆ ರೇಷ್ಮೆಯ ತುಂಡು ಎಂದು ಹೇಳಿದರು.

“ದಿನಾ ಅಂದ್ರ? ಗುರುವಾರಾನೂ ತಲೀಗೆ ನೀರ?” ಅಕ್ಕ ಕೊನೆಯ ಆಕ್ಷೇಪ ಎತ್ತಿದಳು.

“ಬೆವರಿಗೆ ವಾರ ಗೊತ್ತಿಲ್ಲರಿ, ಅಕ್ಕಾವ್ರ,” ಎಂದರು ಆಟದ ಅಕ್ಕೋರು. ಅಕ್ಕ ನನ್ನ ಮುಖ ನೋಡಿದಳು. ನಾನು ಅಗಸೆಯ ಬೋಗುಣಿ ಹಿಡಿದು ಒಳಗೆ ಹೋದೆ.

ಮೊಮ್ಮಗಳು ತಂಡಕ್ಕೆ ಆಯ್ಕೆಯಾದಳು. ಹಿರೇಕೆರೂರಿನಲ್ಲಿ ನಡೆದ ಪಂದ್ಯದಲ್ಲಿ ಸೋತು ಮುಖ ಬಾಡಿಸಿಕೊಂಡು ಬಂದಾಗ ಅಕ್ಕೋರು, “ಕಾಲು ಸೋತಾವ, ಕಲಸೂಣಂತ. ತಲಿ ಮ್ಯಾಲೆತ್ತು,” ಎಂದಷ್ಟೇ ಅಂದರು. ಮರುದಿನವೇ ಅವಳು ಮೈದಾನದಲ್ಲಿದ್ದಳು.

ಕಳೆದ ಚಳಿಗಾಲದಲ್ಲಿ ಅಕ್ಕೋರು ಹಾಸಿಗೆ ಹಿಡಿದರು. ಚಿಕ್ಕೇರೂರಿನ ತಮ್ಮನ ಮನೆಗೆ ಕರೆದೊಯ್ದಿದ್ದರು. ನಾವು ನೋಡಲು ಹೋದ ದಿನ ತಮ್ಮನ ಹೆಂಡತಿ ಕತ್ತರಿ ಹಿಡಿದು ಕುಳಿತಿದ್ದರು. ದಿನಗಟ್ಟಲೆ ಮಲಗಿ ಅಕ್ಕೋರ ಬಿಳಿ ಕೂದಲೆಲ್ಲ ಗಂಟಾಗಿತ್ತು. “ಏನ ಮಾಡೂದ್ರಿ, ಅವರಿಗೂ ತ್ರಾಸ,” ಎಂದರು ಆಕೆ, ನಿಜಕ್ಕೂ ಅಕ್ಕರೆಯಿಂದಲೇ. ಮೊಮ್ಮಗಳು ಅಡುಗೆಮನೆಗೆ ಹೋಗಿ ಅಗಸೆ ಕೇಳಿದಳು.

ಲೋಳೆ ಹಚ್ಚಿ ಬಿಡಿಸತೊಡಗಿದಾಗ ಅಕ್ಕೋರು ಕಣ್ಣು ಮುಚ್ಚಿಯೇ ಇದ್ದರು. ಒಮ್ಮೆ ಅವಳ ಬೆರಳು ಬುಡದ ಬಳಿ ಎಳೆಯಿತೇನೋ, ಬಾಯಿ ತೆರೆದರು: “ಅವಸರ ಬ್ಯಾಡ. ತುದಿಯಿಂದ ಬಾ.” ನಾನು ಅವರಿಂದ ಕೇಳಿದ ಕೊನೆಯ ಮಾತು ಅದು.

ಅವರು ತೀರಿಕೊಂಡ ಸುದ್ದಿ ಬಂದು ನಾವು ಮಣ್ಣಿಗೆ ಹೋದಾಗ ಅವರ ಮನೆತನದ ಪದ್ಧತಿಯಂತೆ ಅವರನ್ನು ಕುಳ್ಳಿರಿಸಿದ್ದರು. ಹಾನಗಲ್ಲಿನಿಂದ ಬಂದಿದ್ದ ಹೂ ಮಾರುವಾಕೆ ತಾನೇ ಕಟ್ಟಿದ ಸೇವಂತಿಗೆಯ ಮಾಲೆಯನ್ನು, ಒಂದು ಸುರುಳಿಯೂ ಅದರಡಿ ಸಿಗದಂತೆ ಬೆರಳಿನಿಂದ ಸರಿಸಿ ಸರಿಸಿ ಹಾಕಿದಳು. ಬಿಳಿಯ ಕೂದಲು ಹೆಗಲ ತುಂಬ ಹರಡಿತ್ತು. ಈಗಷ್ಟೇ ಮೈದಾನದಿಂದ ಬಂದವರಂತಿದ್ದರು.

ಇದನ್ನು ಬರೆಯುತ್ತಿರುವಾಗ ಮೊಮ್ಮಗಳು ಬಚ್ಚಲಿನಿಂದ ಕೂಗುತ್ತಿದ್ದಾಳೆ: “ಅಜ್ಜಿ, ನೀರ ಕಾದಾವ, ತುರುಬ ಬಿಚ್ಚಿ ಬಾ.” ಒಂದು ಆಯುಷ್ಯದ ಎಣ್ಣೆಯೊಳಗೆ ಅಡಗಿದ್ದ ನನ್ನ ಗುಂಗುರೂ ಈಗ ಅವಳ ಬೆರಳಿನಲ್ಲಿ ಮೆಲ್ಲಗೆ ಹೊರಬರುತ್ತಿದೆ. ಪಂಚಾಂಗವನ್ನೂ ಗೋಡೆಯ ಕ್ಯಾಲೆಂಡರನ್ನೂ ಎರಡೆರಡು ಸಲ ನೋಡಿ ಖಚಿತಪಡಿಸಿಕೊಂಡಿದ್ದೇನೆ: ಇಂದು ಗುರುವಾರ. ಹೊರಟೆ.