ಹೆಬ್ಬೆರಳು ಕಟ್ಟಿಕೊಂಡು ತೆಗೆದ ಫೋಟೋಗಳು

ನನಗೆ ಕಲಿಸುವ ಚಪಲ. ಕೋಲಾರದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿ ಇಪ್ಪತ್ತು ವರ್ಷ ಸೀಟಿ ಊದಿದವನಿಗೆ ಸುಮ್ಮನೆ ನಿಂತು ನೋಡುವುದು ಬರುವುದಿಲ್ಲ. ಯಾರೋ ಬಸ್ಸು ಹತ್ತುತ್ತಿದ್ದರೂ ಯಾವ ಕಾಲು ಮೊದಲು ಇಡಬೇಕೆಂದು ಹೇಳಿಬಿಡೋಣ ಅನ್ನಿಸುತ್ತದೆ. ಕ್ಯಾಮೆರಾ ಕೈಗೆ ಬಂದ ಮೇಲೂ ಈ ಬುದ್ಧಿ ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ.

ವಾರವೆಲ್ಲ ನಮ್ಮ ಶಾಲೆಯ ಕಬಡ್ಡಿ ಹುಡುಗಿಯರ ಫೋಟೋ, ಭಾನುವಾರ ನರಸಾಪುರದ ಕೆರೆಯಲ್ಲಿ ಹಕ್ಕಿ. ಎರಡಕ್ಕೂ ಬೇಕಾದ್ದು ವೇಗ. ನನ್ನ ಕ್ಯಾಮೆರಾದ ಮೇಲಿನ ಚಕ್ರದಲ್ಲಿ ಸಿ ಒಂದು, ಸಿ ಎರಡು, ಸಿ ಮೂರು ಎಂದು ಮೂರು ಜಾಗಗಳಿವೆ. ಷಟರ್ ವೇಗ ಎಷ್ಟಿರಬೇಕು, ಯಾವ ಬಟನ್ ಒತ್ತಿದರೆ ಫೋಕಸ್ ಆಗಬೇಕು ಎಂಬುದನ್ನೆಲ್ಲ ಮೊದಲೇ ಹೊಂದಿಸಿ ಅಲ್ಲಿಟ್ಟರೆ, ಹಕ್ಕಿ ಎದ್ದಾಗ ಚಕ್ರ ತಿರುಗಿಸಿದರೆ ಸಾಕು. ಅಷ್ಟನ್ನೂ ಮೆಮೊರಿ ಕಾರ್ಡಿಗೆ ಇಳಿಸಿ ಅದೇ ಮಾದರಿಯ ಇನ್ನೊಂದು ಕ್ಯಾಮೆರಾಕ್ಕೆ ತುಂಬಲೂಬಹುದು. ನಾನಂತೂ ಕೇಳಿದವರಿಗೂ ಕೇಳದವರಿಗೂ ನನ್ನ ಸೆಟ್ಟಿಂಗನ್ನು ಪ್ರಸಾದದಂತೆ ಹಂಚುತ್ತಿದ್ದೆ.

ಕೆರೆಗೆ ಬರುವವರಲ್ಲಿ ಶ್ರೀನಿವಾಸಪುರದ ಒಬ್ಬ ಬಡಗಿ ಇದ್ದರು. ಮಾವಿನಹಣ್ಣಿನ ಪೆಟ್ಟಿಗೆ ಮಾಡುವವರು. ನಾವೆಲ್ಲ ಅವರನ್ನು ಭಾಯ್ ಎನ್ನುತ್ತಿದ್ದೆವು. ನನ್ನದೇ ಮಾದರಿಯ ಕ್ಯಾಮೆರಾ. ಬಲಗೈ ಹೆಬ್ಬೆರಳು ಮಾತ್ರ ಅರ್ಧ; ಉಳಿದರ್ಧವನ್ನು ಗರಗಸದ ಮಿಷನ್ ತಿಂದಿತ್ತು. ಆ ಬೆರಳನ್ನು ನಾನು ಮೂರು ವರ್ಷದಿಂದ ನೋಡಿದ್ದೆ. ನೋಡಿದ್ದೆ ಅಷ್ಟೇ, ಅದರ ಬಗ್ಗೆ ಯೋಚಿಸಿರಲಿಲ್ಲ.

ಒಂದು ಭಾನುವಾರ ಅವರು ಟೀ ತರಲು ಹೋದಾಗ ಅವರ ಕ್ಯಾಮೆರಾ ನನ್ನ ಕೈಲಿತ್ತು. ಹಿಂದಿನ ವಾರ ಅವರ ಎರಡು ಫೋಟೋ ಮಸುಕಾಗಿದ್ದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ನನ್ನ ಕಾರ್ಡ್ ಹಾಕಿದೆ. ಹಳೆಯ ಸೆಟ್ಟಿಂಗ್ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಕ್ಯಾಮೆರಾ ಕೇಳಿತು. ಆಗಬಹುದು ಎಂದು ಒತ್ತಿದೆ.

‘ಭಾಯ್, ಎಲ್ಲಾ ಸರಿ ಮಾಡಿದ್ದೀನಿ, ಈಗ ನೋಡಿ’ ಎಂದೆ, ಟೀ ಲೋಟ ತೆಗೆದುಕೊಳ್ಳುತ್ತ. ಅವರು ಏನು ಸರಿ ಮಾಡಿದಿರಿ ಎಂದು ಕೇಳುವಷ್ಟರಲ್ಲೇ ಮೀನು ಹಿಡಿಯುವ ಗಿಡುಗ ನೀರಿಗೆ ಬಿತ್ತು. ಚಳಿಗಾಲದಲ್ಲಿ ಮಾತ್ರ ಬರುವ ಹಕ್ಕಿ. ಅದಕ್ಕಾಗಿ ಭಾಯ್ ಎರಡು ತಿಂಗಳಿಂದ ಕಾದಿದ್ದರು. ಕ್ಯಾಮೆರಾ ಎತ್ತಿದರು, ಒತ್ತಿದರು. ಎಲ್ಲವೂ ಮಸುಕು. ನನ್ನ ಸೆಟ್ಟಿಂಗಿನಲ್ಲಿ ಫೋಕಸ್ ಇದ್ದದ್ದು ಹಿಂಬದಿಯ ಬಟನ್ನಿನಲ್ಲಿ. ಅದನ್ನು ಹೆಬ್ಬೆರಳಿನಿಂದ ಒತ್ತಬೇಕು. ಅವರ ಬೆರಳು ಅಲ್ಲಿಯವರೆಗೆ ಹೋಗುವುದಿಲ್ಲ.

‘ಅರೆ, ಹೋಗ್ಲಿ ಬಿಡಿ ಮೇಷ್ಟ್ರೇ’ ಎಂದರು. ಬೈದಿದ್ದರೆ ಬದುಕುತ್ತಿದ್ದೆ.

ಅಳಿಸಿಹೋದದ್ದನ್ನು ಮತ್ತೆ ಹೇಳಿ, ಕೂಡಿಸೋಣ ಎಂದೆ. ಲೆನ್ಸ್ ಪಕ್ಕದ ಪುಟ್ಟ ಬಟನ್ನಿಗೆ ಉಂಗುರದ ಬೆರಳಿನಿಂದ ಫೋಕಸ್ ಕೊಡುತ್ತಿದ್ದದ್ದು ಅವರಿಗೆ ನೆನಪಿತ್ತು. ಮಿಕ್ಕ ಹತ್ತಾರು ಸಣ್ಣ ಹೊಂದಾಣಿಕೆಗಳು ಮೂರು ವರ್ಷದಲ್ಲಿ ಒಂದೊಂದಾಗಿ ಸೇರಿದ್ದವು, ಎಲ್ಲೂ ಬರೆದಿಟ್ಟಿರಲಿಲ್ಲ. ‘ಬೆರಳಿಗೆ ಗೊತ್ತು ಮೇಷ್ಟ್ರೇ, ಬಾಯಿಗೆ ಬರ್ತಿಲ್ಲ’ ಎಂದರು. ಮುಂದಿನ ಎರಡು ಭಾನುವಾರ ಅವರು ಕೆರೆಗೆ ಬರಲಿಲ್ಲ. ಫೋನ್ ಮಾಡಿದೆ.

‘ಕ್ಯಾಮೆರಾ ತಮ್ಮನ ಸ್ಟುಡಿಯೋಗೆ ಕೊಟ್ಬಿಡ್ತೀನಿ. ಮದುವೆ ಫೋಟೋಗಾದ್ರೂ ಆಗ್ಲಿ. ಮತ್ತೆ ಮೊದಲಿಂದ ಹುಡುಕೋ ತಾಳ್ಮೆ ನನಗಿಲ್ಲ.’

‘ಶಿವರಾತ್ರಿವರೆಗೆ ತಡೀರಿ ಭಾಯ್. ಕೆಡಿಸಿದವನು ನಾನು, ನಾನೇ ಹುಡುಕ್ತೀನಿ.’

ಮರುದಿನವೇ ಶಾಲೆಯ ಪ್ರಥಮ ಚಿಕಿತ್ಸೆಯ ಡಬ್ಬದಿಂದ ಬ್ಯಾಂಡೇಜ್ ತೆಗೆದು ಬಲ ಹೆಬ್ಬೆರಳನ್ನು ಅಂಗೈಗೆ ಬಿಗಿದು ಕಟ್ಟಿಕೊಂಡೆ. ‘ವೇಲಿಕಿ ಏಮೈಂದಿ ಸಾರ್?’ ಎಂದು ಮುಳಬಾಗಿಲು ಕಡೆಯ ಹುಡುಗಿಯೊಬ್ಬಳು ತೆಲುಗಿನಲ್ಲಿ ಬೆರಳಿಗೇನಾಯಿತೆಂದು ಕೇಳಿದಳು. ‘ಕೊಬ್ಬು ಕಣಮ್ಮಾ, ನೀನು ಆಡು ಹೋಗು’ ಎಂದೆ.

ಹೆಬ್ಬೆರಳಿಲ್ಲದೆ ಕ್ಯಾಮೆರಾ ಹಿಡಿದರೆ ಮೊದಲ ದಿನವೇ ಮೊಣಕೈವರೆಗೆ ನೋವು. ಹಿಡಿತ ಸಡಿಲ, ಕೈ ಅಲುಗುತ್ತದೆ. ಹಾಗಾಗಿ ಷಟರ್ ವೇಗ ನನಗೆ ಬೇಕಾದ್ದಕ್ಕಿಂತ ಹೆಚ್ಚಿರಬೇಕು. ಉಂಗುರದ ಬೆರಳು ನಿಧಾನ. ಹಾಗಾಗಿ ಹಿಡಿದ ಫೋಕಸನ್ನು ಕ್ಯಾಮೆರಾ ಬೇಗ ಬಿಡಬಾರದು. ಕಬಡ್ಡಿಯಲ್ಲಿ ರೈಡ್ ಹೋದವಳ ಮುಂದೆ ಯಾರಾದರೂ ಅಡ್ಡ ಬಂದರೂ ಅವಳ ಮೇಲೇ ಕಚ್ಚಿಕೊಂಡಿರಬೇಕು. ಸಂಜೆ ಕಬಡ್ಡಿ ಅಂಕಣದಲ್ಲಿ, ಭಾನುವಾರ ಟೇಕಲ್ ಬೆಟ್ಟದ ಬುಡದಲ್ಲಿ ಹದ್ದುಗಳ ಮೇಲೆ, ದಿನಕ್ಕೊಂದೇ ಬದಲಾವಣೆ ಮಾಡಿ ನೋಡಿ ಒಂದು ಚೀಟಿಯಲ್ಲಿ ಬರೆದಿಟ್ಟೆ. ಹೆಂಡತಿ ನಕ್ಕಳು, ಆಮೇಲೆ ಬೈದಳು. ನಾನು ಬಿಡಲಿಲ್ಲ. ನಾನು ಎರಡು ನಿಮಿಷದಲ್ಲಿ ಅಳಿಸಿದ್ದು ಎಂಥದ್ದು ಎಂದು ನೋಯುವ ಕೈ ದಿನವೂ ಹೇಳುತ್ತಿತ್ತು, ನಾಚಿಕೆಯಾಗುತ್ತಿತ್ತು.

ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಶ್ರೀನಿವಾಸಪುರದ ಅವರ ಕಾರ್ಖಾನೆಗೆ ಹೋಗಿ ಕಾರ್ಡ್ ಮುಂದಿಟ್ಟೆ. ಭಾಯ್ ಮುಟ್ಟಲಿಲ್ಲ.

‘ಕಾರ್ಡ್ ಬೇಡ ಮೇಷ್ಟ್ರೇ. ಓದಿ, ನಾನೇ ಹಾಕ್ಕೋತೀನಿ.’

ಮರದ ಹೊಟ್ಟಿನ ನಡುವೆ ಕೂತು ನಾನು ಓದಿದೆ, ಅವರು ತಮ್ಮ ಬೆರಳುಗಳಿಂದ ಒಂದೊಂದನ್ನೇ ಹೊಂದಿಸಿದರು. ಐದನೆಯದಕ್ಕೆ ತಲೆ ಅಲ್ಲಾಡಿಸಿ ಬೇರೇನೋ ಇಟ್ಟರು. ಒಂಬತ್ತನೆಯದನ್ನೂ ಬದಲಿಸಿದರು. ಅದು ತಪ್ಪು ಎಂದು ಹೇಳಲು ನನ್ನ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ಭಾನುವಾರ ಬೆಳಿಗ್ಗೆ ಕೆರೆಯಲ್ಲಿ ಗಿಡುಗ ಜೊಂಡಿನ ಹಿಂದಿನಿಂದ ಮೀನು ಹಿಡಿದು ಎದ್ದಿತು. ಇಬ್ಬರೂ ಒಟ್ಟಿಗೇ ಒತ್ತಿದೆವು. ನಾನು ಬ್ಯಾಂಡೇಜ್ ಬಿಚ್ಚಿ ನನ್ನ ಹಳೆಯ ಸೆಟ್ಟಿಂಗಿಗೇ ಮರಳಿದ್ದೆ; ನನ್ನ ಕ್ಯಾಮೆರಾದಲ್ಲಿ ಜೊಂಡು ಸ್ಪಷ್ಟವಾಗಿತ್ತು, ಹಕ್ಕಿ ಮಸುಕು. ಅವರದ್ದರಲ್ಲಿ ಹಕ್ಕಿಯ ಹಳದಿ ಕಣ್ಣು, ಮೀನಿನ ಬಾಲದಿಂದ ಜಾರುತ್ತಿದ್ದ ನೀರು, ಎಲ್ಲವೂ ಸ್ಪಷ್ಟ. ಭಾಯ್ ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ.

ನಾನು ಚೀಟಿ ತಿರುಗಿಸಿ, ಜೇಬಿನಿಂದ ಪೆನ್ನು ತೆಗೆದೆ. ಮೂರು ವರ್ಷದಲ್ಲಿ ಅವರಿಂದ ಕಲಿಯಲೆಂದು ಕೇಳಿದ್ದು ಅದೇ ಮೊದಲು.

‘ಭಾಯ್, ನಿಮ್ಮ ಸೆಟ್ಟಿಂಗ್ ಏನು?’

‘ಬರ್ಕೊಳ್ಳಿ ಮೇಷ್ಟ್ರೇ’ ಎಂದರು.